ಮೂಡಲಗಿಗೆ ಮಾರಿಹೋದ ಡುಬುಕ್

ದೇವರು ಸಪ್ನಾಳಿಗೆ ಕೊಟ್ಟಿದ್ದು ಒಂದೇ ಗಂಟಲು. ಆದರೆ ಅದರೊಳಗೆ ಬಾಡಿಗೆಗಿದ್ದವರು ಬಹಳ ಮಂದಿ. ಗೋಕಾಕ ಬಸ್‌ಸ್ಟ್ಯಾಂಡಿನ ಕಂಡಕ್ಟರು, ಸಕ್ಕರೆ ಕಾರ್ಖಾನೆಯ ಭೋಂಗಾ, ಪಾಠ ಹೇಳುತ್ತಲೇ ತೂಕಡಿಸುತ್ತಿದ್ದ ಕಾಲೇಜಿನ ಮಾಸ್ತರು, ಸೀಟಿ ಹೊಡೆಯಲೋ ಬೇಡವೋ ಎಂದು ಯೋಚಿಸುವ ಹಳೇ ಕುಕ್ಕರು, ಎಲ್ಲರೂ ಅಲ್ಲೇ ಸಂಸಾರ ಹೂಡಿದ್ದರು. ಬಿ.ಎ. ಮುಗಿಯುವ ಹೊತ್ತಿಗೆ ಅವಳು ಊರಿನ ಅರ್ಧ ಜನರ ದನಿ ತೆಗೆದು ಉಳಿದರ್ಧ ಜನರನ್ನು ನಗಿಸಿದ್ದಳು. ನಕ್ಕವರು ಮನೆಗೆ ಹೋಗಿ ಮರೆತರು. ದನಿ ಕಳಕೊಂಡವರು ಮರೆಯಲಿಲ್ಲ. ಮದುವೆ, ಕುಬಸಗಳಿಗೆ ಅವಳ ಮನೆಗೆ ಕರೆ ಬರುವುದು ಕಡಿಮೆಯಾಯಿತು. ಬಂದರೂ ‘ನೀವಷ್ಟೇ ಬರ್ರಿ, ಹುಡುಗಿ ಓದ್ಕೊಳ್ಳಲಿ’ ಎಂಬ ಕಾಳಜಿ ಅದಕ್ಕೆ ಜೋತುಬಿದ್ದಿರುತ್ತಿತ್ತು.

ಇಂಥ ಹುಡುಗಿಗೆ ಸಿಕ್ಕ ನೌಕರಿಯೆಂದರೆ ಬಾಯಿ ಮುಚ್ಚಿಕೊಂಡಿರುವುದು.

ಹುಕ್ಕೇರಿಯ ಆಬಾಸಾಹೇಬರು ಧುಪದಾಳದ ದಾರಿಯಲ್ಲಿದ್ದ ತಮ್ಮ ಮಂಗಲ ಕಾರ್ಯಾಲಯವನ್ನು ಕೆಡವಿಸಿ ‘ಡುಬುಕ್ ನಗರಿ’ ಎಂಬ ಥೀಮ್ ಪಾರ್ಕ್ ಕಟ್ಟಿಸಿದ್ದರು. ಡುಬುಕ್ ಅಂದರೆ ಟಿವಿಯ ಕಾರ್ಟೂನಿನಲ್ಲಿ ಬರುವ ನೀಲಿ ಬಣ್ಣದ ಎಮ್ಮೆಗರು. ಏನೇ ತೊಂದರೆ ಬರಲಿ, ಅದು ಹತ್ತಿರದ ಹೊಂಡಕ್ಕೆ ಡುಬುಕ್ಕೆಂದು ಹಾರುತ್ತದೆ. ಏಳುವಾಗ ತಲೆಯ ಮೇಲೆ ಒಮ್ಮೆ ಕೊಡೆ, ಒಮ್ಮೆ ಕಪ್ಪೆ, ಒಮ್ಮೆ ಯಾರದೋ ಕಳೆದುಹೋದ ಚಪ್ಪಲಿ ಇರುತ್ತದೆ. ಅದರಿಂದಲೇ ತೊಂದರೆ ಪರಿಹಾರ. ಬೆಲ್ಲ ಕಂಡರೆ ಕುಣಿಯುತ್ತದೆ. ಮಾತು ಮಾತ್ರ ಆಡುವುದಿಲ್ಲ, ಕೊರಳ ಗಂಟೆ ಅಲ್ಲಾಡಿಸುತ್ತದೆ, ಅಷ್ಟೆ. ಅದು ಬರುವ ಹೊತ್ತಿಗೆ ಈ ಸೀಮೆಯ ಮಕ್ಕಳು ಉಣ್ಣುವುದನ್ನು ಬಿಡುತ್ತಿದ್ದರು, ದೊಡ್ಡವರು ಉಣಿಸುವುದನ್ನು ಬಿಟ್ಟು ತಾವೇ ನೋಡುತ್ತಿದ್ದರು.

ಸಂದರ್ಶನದ ದಿನ ಸಪ್ನಾ ಭೋಂಗಾ ಊದಿ, ಕಂಡಕ್ಟರಾಗಿ ಸೀಟಿ ಹೊಡೆದು, ಸಾಲದೆಂದು ಅಲ್ಲೇ ಕೂತಿದ್ದ ಆಬಾಸಾಹೇಬರ ಕೆಮ್ಮನ್ನೂ ಕೆಮ್ಮಿ ತೋರಿಸಿದಳು. ಅವರು ಕಣ್ಣೀರು ಬರುವವರೆಗೂ ನಕ್ಕು, ಕಣ್ಣೊರೆಸಿಕೊಂಡು, ಅವಳನ್ನು ಡುಬುಕ್‌ನ ವೇಷದೊಳಗೆ ತುಂಬಿಸಿದರು. ಮುಂಬಯಿಯಿಂದ ಬಂದ ವೇಷ ಸಣ್ಣದಾಗಿತ್ತು. ಬಂದ ಉಮೇದುವಾರರಲ್ಲಿ ಅದರೊಳಗೆ ಹಿಡಿಸಿದವಳು ಅವಳೊಬ್ಬಳೇ. ಪಾರ್ಕಿನ ನಿಯಮ ಒಂದೇ: ಡುಬುಕ್ ಮಾತಾಡಕೂಡದು, ಮಂದಿಯೆದುರು ತಲೆ ತೆಗೆಯಕೂಡದು.

ಸಪ್ನಾ ಆಗಲೇ ಎರಡು ಸಲ ತಪ್ಪಿದ್ದಳು. ಯಾರೋ ಬಾಲ ತುಳಿದಾಗ ಒಮ್ಮೆ ಹುಕ್ಕೇರಿಯ ತರಕಾರಿ ಮಾರುವವಳ ದನಿಯಲ್ಲಿ ಬೈದಿದ್ದಳು. ಇನ್ನೊಮ್ಮೆ ಪಾರ್ಕಿನ ಭೂತಬಂಗ್ಲೆಯ ಮುಂದೆ ನೂಕುನುಗ್ಗಲಾದಾಗ ‘ಎಲ್ಲಾರೂ ಸಾಲಾಗಿ ನಿಂದರ್ರಿ’ ಎಂದು ಸಾಕ್ಷಾತ್ ಆಬಾಸಾಹೇಬರ ದನಿಯಲ್ಲಿ ಗದರಿದ್ದಳು. ಸಾಲೇನೋ ಕ್ಷಣದಲ್ಲಿ ನೆಟ್ಟಗಾಯಿತು. ಆದರೆ ಆಬಾಸಾಹೇಬರು ಅದೇ ಸಾಲಿನ ಪಕ್ಕದಲ್ಲಿ, ಬಾಯಿತುಂಬ ಥಾಲಿಪೆಟ್ಟು ಇಟ್ಟುಕೊಂಡು ನಿಂತಿದ್ದರು. ನುಂಗಿ, ನೀರು ಕುಡಿದು, ಅವಳನ್ನು ಬದಿಗೆ ಕರೆದು ಹೇಳಿದರು:

“ಇನ್ನೊಂದ್ ಮಾತ್ ಬಂತಂದ್ರ, ತಲಿ ಇಲ್ಲೇ ತಗದಿಟ್ಟು ಮನಿಗಿ ಹೋಗೂದು. ತಿಳೀತಿಲ್ಲೋ?”

ಡುಬುಕ್ ಗಂಟೆ ಅಲ್ಲಾಡಿಸಿತು.

ಈ ನೌಕರಿ ಹೋಗುವುದು ಸಪ್ನಾಳಿಗೆ ಬೇಡವಾಗಿತ್ತು. ವೇಷದೊಳಗೆ ಒಲೆಯ ಮೇಲಿನ ಇಡ್ಲಿಯಂತೆ ಬೇಯುತ್ತಿದ್ದಳು ನಿಜ. ಆದರೆ ಹೊರಗೆ ಅವಳನ್ನು ಕಂಡು ದಾರಿ ಬದಲಿಸುತ್ತಿದ್ದ ಜನರೇ ಇಲ್ಲಿ ಓಡಿಬಂದು ಅಪ್ಪಿಕೊಳ್ಳುತ್ತಿದ್ದರು. ಅವಳು ಮೈಮೇಲೆ ತಂದುಕೊಂಡ ಎಷ್ಟೋ ಪಾತ್ರಗಳಲ್ಲಿ, ಯಾರೂ ಮುನಿಸಿಕೊಳ್ಳದ ಪಾತ್ರ ಇದೊಂದೇ.

ಅಲ್ಲದೆ ಆ ಜಾಗಕ್ಕೇ ಏನೋ ಒಂದು ಹಿಡಿದುಕೊಂಡಿತ್ತು. ಗುಲಾಬಿ ಬಣ್ಣದ ಫೈಬರ್ ಅರಮನೆ, ಅದರ ಹಿಂದೆ ಮೋಟಾರಿನಿಂದ ಸುರಿಯುವ ಜಲಪಾತ. ನಿಜವಾದ ಗೋಕಾಕ ಫಾಲ್ಸ್ ಬಿಟ್ಟಿಯಾಗಿ ಹತ್ತಿರದಲ್ಲೇ ಇದ್ದರೂ ಜನ ಟಿಕೀಟು ತೆಗೆಸಿ ಇದನ್ನು ನೋಡಲು ಬರುತ್ತಿದ್ದರು. ಕರೆಂಟು ಹೋದಾಗ ನೀರು ನಿಂತು ಬರೀ ಕಲ್ಲು ಕಾಣುತ್ತಿತ್ತು. ಬೇಸಿಗೆಯಲ್ಲಿ ಅಸಲಿಗೂ ಅದೇ ಗತಿಯಾದ್ದರಿಂದ ನಕಲು ಚೆನ್ನಾಗಿದೆಯೆಂದು ಹೊಗಳುತ್ತಿದ್ದರು. ಸೊಸೆಯೊಡನೆ ವರ್ಷಗಟ್ಟಲೆ ಮಾತು ಬಿಟ್ಟ ಅತ್ತೆ ಭೂತಬಂಗ್ಲೆಯಿಂದ ಅವಳ ಸೊಂಟ ತಬ್ಬಿಕೊಂಡೇ ಹೊರಬರುತ್ತಿದ್ದಳು. ಪಂಚಾಯ್ತಿಯಲ್ಲಿ ಮೀಸೆಯ ಮೇಲೆ ಕೈಯಿಟ್ಟು ಮಾತಾಡುವ ಹಿರಿಯರು ನೀರಿನ ಜಾರುಬಂಡೆಯ ತುದಿಯಲ್ಲಿ ಮೀಸೆಯನ್ನೂ ಮಾತನ್ನೂ ಬಿಟ್ಟು, ಎರಡೂ ಕೈ ಎತ್ತಿ ‘ಯಪ್ಪೋ’ ಅನ್ನುತ್ತ ಇಳಿಯುತ್ತಿದ್ದರು. ಕೆಳಗೆ ಡುಬುಕ್ ನಿಂತಿರುತ್ತಿತ್ತು. ಅದನ್ನು ಕಂಡ ಮೇಲೆ ಅವರಿಗೆ ನಾಚಿಕೆಯೂ ಆಗುತ್ತಿರಲಿಲ್ಲ.

ಆ ಭಾನುವಾರ ಮೂಡಲಗಿಯಿಂದ ಹನಮವ್ವ ಬಂದಳು.

ಹಣ್ಣುಹಣ್ಣು ಮುದುಕಿ, ಇಳಕಲ್ ಸೀರೆ, ಹಣೆತುಂಬ ಕುಂಕುಮ, ಕಂಕುಳಲ್ಲಿ ಗಂಟು. ಅವಳ ಹಿಂದೆ ಮಗ ಶೆಟ್ಟೆಪ್ಪ. ಮೂಡಲಗಿಯ ದನದ ಸಂತೆಯಲ್ಲಿ ಶೆಟ್ಟೆಪ್ಪನೆಂದರೆ ದೊಡ್ಡ ದಲಾಲ. ಹೆಗಲ ಮೇಲಿನ ಟವೆಲ್ ಇಲ್ಲದೆ ಅವನನ್ನು ನೋಡಿದವರಿಲ್ಲ. ಅವನ ಹಿಂದೆ ಮೊಮ್ಮಕ್ಕಳ ದಂಡು. ಮಕ್ಕಳೆಲ್ಲ ತೊಟ್ಟಿಲು, ರೈಲು ಎಂದು ಚೆಲ್ಲಾಪಿಲ್ಲಿಯಾದರು. ಮುದುಕಿ ಅತ್ತಿತ್ತ ನೋಡದೆ ನೆಟ್ಟಗೆ ಡುಬುಕ್‌ನ ಮುಂದೆ ಬಂದು ನಿಂತಳು. ಗಂಟು ಬಿಚ್ಚಿ ಬೆಲ್ಲದ ಚೂರು ತೆಗೆದು ಅದರ ಫೋಮಿನ ಬಾಯಿಗೆ ಒತ್ತಿದಳು. ಬೆಲ್ಲ ಒಳಗೆ ಜಾರಿ ಸಪ್ನಾಳ ಮೂಗಿಗೆ ಬಡಿದು ಕುತ್ತಿಗೆಯೊಳಗೆ ಇಳಿಯಿತು.

“ಎಷ್ಟ್ ಬೆವತೈತಿ ನೋಡೋ ಶೆಟ್ಟ್ಯಾ” ಎಂದಳು ಹನಮವ್ವ. “ಇವ್ರು ನೀರ್ ಕುಡಿಸಿಲ್ಲ ಇದಕ್ಕ.”

ಅದು ಖರೆ ಎಮ್ಮೆಯಲ್ಲ ಎಂದು ಶೆಟ್ಟೆಪ್ಪ ತಿಳಿಹೇಳಲು ನೋಡಿದ. ಎಮ್ಮೆ ಯಾವುದು, ಯಾವುದಲ್ಲ ಎಂದು ನನಗೆ ಹೇಳಬೇಡ, ನಿನ್ನನ್ನು ಎಮ್ಮೆಗಳ ನಡುವೆಯೇ ಹಡೆದಿದ್ದೇನೆ ಎಂದಳು ತಾಯಿ. ಇದನ್ನು ಮನೆಗೆ ಹೊಡೆದುಕೊಂಡು ಹೋಗೋಣ ಎಂದಳು. ಅವನು ನಕ್ಕ. ಅವಳು ಡುಬುಕ್‌ನ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಳು. ಸುತ್ತಲೂ ಜನ ಸೇರತೊಡಗಿದರು. ಡುಬುಕ್‌ನ ಕೈಹಿಡಿದು ನಡೆಸುವ ಕೆಲಸದ ರೂಪಾಲಿ, ಆಬಾಸಾಹೇಬರ ಅಣ್ಣನ ಮಗಳು, ಏನು ಮಾಡಬೇಕೆಂದು ತಿಳಿಯದೆ ಮುದುಕಿಗೆ ಐಸ್‌ಕ್ರೀಮು ಕೊಡಿಸುವ ಮಾತಾಡಿದಳು. ಮುದುಕಿ ಅದನ್ನು ಡುಬುಕ್‌ಗೆ ಕೊಡಿ ಎಂದಳು.

ಶೆಟ್ಟೆಪ್ಪ ಸಂತೆಯಲ್ಲಿ ಎಂಥೆಂಥವರನ್ನೋ ಮಣಿಸಿದವನು, ತಾಯಿಯ ಮುಂದೆ ಮಾತ್ರ ಅವನ ದಲಾಲಿ ನಡೆಯುತ್ತಿರಲಿಲ್ಲ. ಅವನಿಗೊಂದು ಉಪಾಯ ಹೊಳೆಯಿತು. ವ್ಯಾಪಾರ ಮಾಡಿದಂತೆ ಮಾಡುವುದು, ದರ ಕುದುರಲಿಲ್ಲವೆನ್ನುವುದು, ತಾಯಿಯನ್ನು ಎಬ್ಬಿಸಿಕೊಂಡು ಹೋಗುವುದು. ದರ ಕುದುರದ ದನಕ್ಕೆ ಹಟ ಹಿಡಿಯುವಷ್ಟು ವ್ಯಾಪಾರ ತಿಳಿಯದವಳಲ್ಲ ಅವಳು.

“ಆತು ಯವ್ವಾ. ರೊಕ್ಕದ ಮಾತ್ ಬ್ಯಾಡ, ಬೆಲ್ಲದ ಪೆಂಟಿ ಲೆಕ್ಕ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹೆಗಲಿನ ಟವೆಲ್ ತೆಗೆದು ಡುಬುಕ್‌ನ ಬಲಗೈಯ ಮೇಲೆ ಹಾಸಿ, ಕೆಳಗೆ ತನ್ನ ಕೈ ತೂರಿಸಿದ.

ಆ ಕಡೆಯ ದನದ ಸಂತೆಯಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ಟವೆಲಿನ ಮರೆಯಲ್ಲಿ ಬೆರಳು ಹಿಡಿಯುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಒಲ್ಲದವನು ಕೈ ಎಳೆದುಕೊಳ್ಳಬೇಕು. ಒಪ್ಪಿದವನು ಅದುಮಬೇಕು. ಒಮ್ಮೆ ಅದುಮಿದ ಮೇಲೆ ಬ್ರಹ್ಮ ಬಂದರೂ ಮಾತು ಹಿಂದೆ ಸರಿಯುವುದಿಲ್ಲ. ಒಳಗೆ ಏನು ನಡೆಯಿತೆಂದು ಮೂರನೆಯವನಿಗೆ ಹೇಳುವಂತೆಯೂ ಇಲ್ಲ.

ಶೆಟ್ಟೆಪ್ಪ ಒಂದೇ ಬೆರಳು ಹಿಡಿದ. ಒಂದು ಪೆಂಟಿ, ಅಂದರೆ ಒಂದೇ ಒಂದು ದೊಡ್ಡ ಅಚ್ಚು ಬೆಲ್ಲಕ್ಕೆ ಒಂದು ಎಮ್ಮೆ! ಯಾವ ಮಾರುವವನೂ ಕೈ ಕೊಡವಿ ಎದ್ದುಹೋಗುವ ದರ.

ಸಪ್ನಾ ಕೈ ಎಳೆದುಕೊಂಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವಳ ತಾಯಿಯ ತವರು ಮೂಡಲಗಿ. ಸಾಲಿ ಸೂಟಿಯಲ್ಲಿ ಸೋದರಮಾವನ ಬೆನ್ನು ಹತ್ತಿ ಸಂತೆಗೆ ಹೋಗಿ, ದಲಾಲರ ಮುಖ, ನಡಿಗೆ, ಕಣ್ಣು ಮಿಟುಕಿಸುವುದು ಎಲ್ಲವನ್ನೂ ಕದ್ದುಕೊಂಡು ಬಂದಿದ್ದಳು. ಅನುಕರಣೆ ಅವಳ ಗಂಟಲಿಗೆ ಮಾತ್ರ ಹತ್ತಿದ ರೋಗವಲ್ಲ, ಕೈಗೂ ಹಬ್ಬಿತ್ತು. ಬಾಯಿಗೆ ಬೀಗ ಬಿದ್ದು ತಿಂಗಳುಗಳಿಂದ ಚಡಪಡಿಸುತ್ತಿದ್ದ ಕಲೆ ಈಗ ಬೆರಳ ತುದಿಯಿಂದ ಹೊರಟಿತು. ಒಂದು ಬೆರಳಿನ ಅವಮಾನಕ್ಕೆ ಉತ್ತರವಾಗಿ ಅವಳು ಶೆಟ್ಟೆಪ್ಪನ ಇಡೀ ಕೈ ಹಿಡಿದಳು.

ಶೆಟ್ಟೆಪ್ಪನ ಹುಬ್ಬು ಮೇಲೇರಿತು. ಐದು? ಈ ಅರಿವೆ-ಫೋಮಿನ ಎಮ್ಮೆಗೆ? ತಾನು ಸುಳ್ಳು ವ್ಯಾಪಾರ ಮಾಡುತ್ತಿದ್ದೇನೆಂಬುದು ಅವನ ತಲೆಯಿಂದ ಆ ಗಳಿಗೆಯಲ್ಲೇ ಇಳಿದುಹೋಯಿತು. ಎರಡು ಬೆರಳು ಹಿಡಿದ. ಡುಬುಕ್ ಇನ್ನೊಂದು ಕೈಯಿಂದ ತನ್ನ ಕೊಂಬು ಸವರಿ, ಗಿರ್ರನೆ ಅರ್ಧ ತಿರುಗಿ ಬೆನ್ನು, ಬಾಲ, ತೊಡೆ ತೋರಿಸಿ, ಮತ್ತೆ ಇಡೀ ಕೈ ಹಿಡಿಯಿತು. ಅವನು ಅದರ ಬಾಯೊಳಗೆ ಇಣುಕಿ ಹಲ್ಲು ನೋಡಿ ಮುಖ ಸಿಂಡರಿಸಿದ. ಮೂರು ಬೆರಳು ಹಿಡಿದ. ಡುಬುಕ್ ಹೊರಟುಹೋಗುವಂತೆ ಒಂದು ಹೆಜ್ಜೆ ಇಟ್ಟು, ಕೈಯನ್ನು ಮಾತ್ರ ಅಲ್ಲೇ ಬಿಟ್ಟಿತು. ಸಂತೆಯ ಹಳೇ ಆಟ. ಶೆಟ್ಟೆಪ್ಪನ ಹಣೆಯಲ್ಲಿ ಬೆವರು. ಜನ ಜಾರುಬಂಡೆ ಬಿಟ್ಟು, ತೊಟ್ಟಿಲು ಬಿಟ್ಟು ಸುತ್ತ ಮುತ್ತಿಕೊಂಡರು. ಕೊನೆಗೆ ಅವನು ಹಲ್ಲು ಕಚ್ಚಿ ಡುಬುಕ್‌ನ ಕೈಯಲ್ಲಿದ್ದ ಬೆರಳನ್ನೆಲ್ಲ ಒಟ್ಟಿಗೆ ಹಿಡಿದ. ಸಪ್ನಾ ಗೆದ್ದೆನೆಂದು ಅದುಮಿದಳು.

ಅದುಮಿದ ಮೇಲೆ ಇಬ್ಬರಿಗೂ ಎಚ್ಚರವಾಯಿತು.

ಶೆಟ್ಟೆಪ್ಪ ಟವೆಲ್ ತೆಗೆದು ಮುಖ ಒರೆಸಿಕೊಂಡ. “ಯವ್ವಾ, ಕೈ ಕೊಟ್ನೆಲ್ಲಾ” ಎಂದ. ಕೈ ಕೊಟ್ಟಿದ್ದು ಯಾರು, ಯಾರಿಗೆ ಎಂಬುದು ಅವನಿಗೇ ಸ್ಪಷ್ಟವಿರಲಿಲ್ಲ. ಹನಮವ್ವ ಮೊಣಕಾಲಿಗೆ ಕೈಕೊಟ್ಟು ಎದ್ದು, ಡುಬುಕ್‌ನ ಹಣೆಗೆ ಕುಂಕುಮವಿಟ್ಟು, ಗಂಟಿನಿಂದ ಹೊಸ ಹಗ್ಗ ತೆಗೆದಳು. ಮುದುಕಿ ಹಗ್ಗ ತಂದೇ ಬಂದಿದ್ದಳು.

ಹಗ್ಗ ಕೊರಳಿಗೆ ಬಿದ್ದಾಗ ಸಪ್ನಾಳ ಬೆನ್ನಲ್ಲಿ ಬೆಲ್ಲವೂ ಬೆವರೂ ಕೂಡಿ ಹರಿದವು. ತಾನು ಮಾರಾಟವಾಗಿದ್ದೇನೆ, ಅದೂ ತಾನೇ ದರ ಕುದುರಿಸಿ. ‘ಅಲ್ಲರೀ, ನಾನು ಗೋಕಾಕದ ಸಪ್ನಾ’ ಅಂದರೆ ಬಿಡುಗಡೆ. ಆದರೆ ಅಂದರೆ ನೌಕರಿಯೂ ಬಿಡುಗಡೆ.

ರೂಪಾಲಿ ಓಡಿಹೋಗಿ ಕಾಕಾನನ್ನು ಕರೆತಂದಳು. ಆಬಾಸಾಹೇಬರು ಗುಂಪು ಸೀಳಿಕೊಂಡು ಬಂದು ಸಂಗತಿ ಕೇಳಿದರು. ನಗಬೇಕೋ ಗದರಬೇಕೋ ತಿಳಿಯಲಿಲ್ಲ. ಅವರದೂ ತಲೆತಲಾಂತರದ ವ್ಯಾಪಾರದ ಮನೆತನ. ಅವರ ಅಜ್ಜನೂ ಸಂಕೇಶ್ವರದ ಪೇಟೆಯಲ್ಲಿ ಟವೆಲಿನ ಕೆಳಗೇ ಬೆಲ್ಲ ಮಾರಿದವನು. ಕೈ ಅದುಮಿ ಹಿಂದೆ ಸರಿದರು ಅಂತ ಮೂಡಲಗಿಯಲ್ಲಿ ಹೆಸರಾದರೆ ಆ ದಿಕ್ಕಿನಿಂದ ಇನ್ನೊಂದು ಟೆಂಪೋ ಪಾರ್ಕಿನ ಕಡೆ ಮುಖ ಹಾಕುವುದಿಲ್ಲ. ಎಷ್ಟಕ್ಕೆ ಮುಗಿಯಿತು ಎಂದು ಕೇಳಿದರು. ಮಾಲಕರಿಗೆ ಮುಚ್ಚಿಡುವಂತಿರಲಿಲ್ಲ, ಶೆಟ್ಟೆಪ್ಪ ನಾಲ್ಕು ಬೆರಳು ತೋರಿಸಿದ. ಸಪ್ನಾಳಿಗೆ ಉರಿದುಹೋಯಿತು. ಐದಕ್ಕೆ ಒಪ್ಪಿ ನಾಲ್ಕು ಅನ್ನುತ್ತಾನೆ! ಅವಳೂ ಕೈಯೆತ್ತಿ, ಬೆರಳೆಲ್ಲ ಅಗಲಿಸಿ ಐದು ಎಂದು ತೋರಿಸಿದಳು. ಆಗ ಅವಳ ಕಣ್ಣಿಗೆ ತನ್ನ ಕೈಯೇ ಬಿತ್ತು. ಕಾರ್ಟೂನಿನ ಕೈಗೆ ಬೆರಳು ನಾಲ್ಕೇ. ಕಿರುಬೆರಳೂ ಉಂಗುರದ ಬೆರಳೂ ಒಂದೇ ಗೂಡಿನಲ್ಲಿ ಸಂಸಾರ ಮಾಡುತ್ತಿದ್ದವು.

“ಇಬ್ರೂ ನಾಕ ಅನ್ನಾಕತ್ತಾರ” ಎಂದು ಆಬಾಸಾಹೇಬರು ನಿಟ್ಟುಸಿರಿಟ್ಟರು. “ವ್ಯವಹಾರ ಪಕ್ಕಾ ಆದಂಗ ಆತಲ್ಲ.”

ಅಷ್ಟರಲ್ಲಿ ಹನಮವ್ವ ಹಗ್ಗ ಜಗ್ಗಿದಳು. ಡುಬುಕ್ ಗೇಟಿನತ್ತ ಎರಡು ಹೆಜ್ಜೆ ಇಟ್ಟಿತು. ಅದನ್ನು ನೋಡಿ ಮೊದಲು ಒಂದು ಮಗು ಅತ್ತಿತು, ಅದನ್ನು ನೋಡಿ ಇನ್ನೊಂದು, ಆಮೇಲೆ ಇಡೀ ಪಾರ್ಕು ರಾಗ ತೆಗೆಯಿತು. ಹನಮವ್ವನ ಮೊಮ್ಮಕ್ಕಳು ಮಾತ್ರ ಕುಣಿಯುತ್ತಿದ್ದರು. ಆಬಾಸಾಹೇಬರು ಡುಬುಕ್‌ನ ಕಿವಿಯ ತೂತಿಗೆ ಬಾಯಿ ಹಚ್ಚಿ, ನಾನೇ ಹೇಳುತ್ತಿದ್ದೇನೆ, ನಿಯಮ ಬಿಡು, ಒಂದು ಮಾತಾಡು, ಹುಡುಗಿಯೆಂದು ಗೊತ್ತಾದರೆ ಮುದುಕಿ ಬಿಡುತ್ತಾಳೆ ಎಂದು ಗೋಗರೆದರು.

ಸಪ್ನಾ ಬಾಯಿ ತೆರೆದಳು. ನಾಲಿಗೆಯ ತುದಿಯಲ್ಲಿ ಅವಳದೇ ದನಿ ಬಂದು ನಿಂತಿತ್ತು, ಅಪರೂಪಕ್ಕೆ. ಡುಬುಕ್‌ನ ಕಣ್ಣಿನ ಜಾಲರಿಯಿಂದ ಹೊರಗೆ ನೋಡಿದಳು. ಅಳುತ್ತಿದ್ದ ಮಕ್ಕಳೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ಅವಳ ಮುಖವಲ್ಲ, ಅದರ ಮುಖ. ತಾನು ಈಗ ಮಾತಾಡಿದರೆ ಆಬಾಸಾಹೇಬರಿಗೆ ಒಂದು ವೇಷ ಉಳಿಯುತ್ತದೆ, ತನಗೆ ಬಹುಶಃ ನೌಕರಿಯೂ ಉಳಿಯುತ್ತದೆ. ಡುಬುಕ್ ಮಾತ್ರ ಸತ್ತುಹೋಗುತ್ತದೆ.

ಅವಳು ಬಾಯಿ ಮುಚ್ಚಿದಳು. ಗಂಟೆ ಅಲ್ಲಾಡಿಸಿ ಒಲ್ಲೆನೆಂದಳು.

ಆಮೇಲೆ ಡುಬುಕ್ ಮಾಡಿದ್ದನ್ನು ಮೂಡಲಗಿಯ ಸಂತೆಯಲ್ಲಿ ಯಾರೂ ನೋಡಿರಲಿಕ್ಕಿಲ್ಲ. ಅದು ಶೆಟ್ಟೆಪ್ಪನ ಹೆಗಲಿನಿಂದ ಟವೆಲ್ ಸೆಳೆದು ತನ್ನ ಕೈಗಳ ಮೇಲೆ ಹಾಸಿಕೊಂಡು, ಹನಮವ್ವನ ಮುಂದೆ ಚಾಚಿತು. ಗುಂಪಿನ ಗಂಡಸರೆಲ್ಲ ಹೋ ಎಂದರು. ಟವೆಲಿನ ಕೆಳಗೆ ಹೆಂಗಸರು ಕೈ ಹಾಕಿದ್ದುಂಟೇ? ಅವ್ವಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಶೆಟ್ಟೆಪ್ಪ ಅಡ್ಡಬಂದ.

“ನಿಮ್ಮಪ್ಪಗ ಕಲಿಸಿದಾಕಿ ಯಾರಂತ ಮಾಡೀದಿ?” ಎಂದು ಅವನನ್ನು ಸರಿಸಿ ಹನಮವ್ವ ಕೈ ತೂರಿಸಿದಳು.

ಟವೆಲಿನ ಮರೆಯಲ್ಲಿ ಸಪ್ನಾ ಕೈಗವಸು ಕಳಚಿದಳು. ಮುದುಕಿಯ ಒರಟು ಬೆರಳುಗಳಿಗೆ ಫೋಮಿನ ಬದಲು ಬೆವೆತ ಮೆತ್ತನೆಯ ಕೈ ಸಿಕ್ಕಿತು, ಐದು ಬೆರಳಿನ ಕೈ. ಅವು ನಿಂತವು. ಮೆಲ್ಲಗೆ ಮಣಿಕಟ್ಟಿನವರೆಗೆ ಹೋಗಿ ಗಾಜಿನ ಬಳೆ ಮುಟ್ಟಿ, ಒಂದೊಂದೇ ಬಳೆ ಸರಿಸಿ ನೋಡಿ, ಮತ್ತೆ ಕೆಳಗಿಳಿದವು. ಮುದುಕಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಪಕ್ಕಾ ದಲಾಲರ ಮನೆಯವಳು. ಸಪ್ನಾ ತನ್ನ ಒಂದು ಬೆರಳನ್ನು ಅವಳ ಅಂಗೈಯಲ್ಲಿಟ್ಟಳು. ಒಂದು ಏನು? ಒಂದು ದಿನವೋ, ಒಂದು ಊಟವೋ, ಒಂದು ಸಲ ಬಿಟ್ಟುಬಿಡು ಎಂಬ ಬೇಡಿಕೆಯೋ, ಅವಳಿಗೂ ಗೊತ್ತಿರಲಿಲ್ಲ. ಹನಮವ್ವ ಆ ಬೆರಳನ್ನು ಹಿಡಿದು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಅದುಮಿದಳು.

“ವಾರೆಲ್ಲಾ ಇಲ್ಲೇ ದುಡೀಲಿ” ಎಂದು ಹಗ್ಗ ಬಿಚ್ಚುತ್ತ ಎಲ್ಲರಿಗೂ ಸಾರಿದಳು. “ಸೋಮಾರ ನಮ್ಮ ಮನಿಗಿ ಬರತೈತಿ. ಸೋಮಾರ ಎತ್ತಿನ ಹೆಗಲಿಗೂ ನೊಗಾ ಇಡೂದಿಲ್ಲ, ಇದರ ಹೆಗಲಿಗ್ಯಾಕ?”

ಸೋಮವಾರ ಪಾರ್ಕಿಗೂ ಸೂಟಿ. ಆಬಾಸಾಹೇಬರು ಎರಡೂ ಕೈ ಮುಗಿದರು. ಸೋಮಾರ ಮಾತ್ರ ಸೋಮಾರಿಯಾಗುವ ಎಮ್ಮೆ ಅಂತ ಗುಂಪಿನಲ್ಲಿ ಯಾರೋ ಅಂದರು, ಅಳುತ್ತಿದ್ದವರೂ ನಕ್ಕರು. ಬೇಡವೆಂದರೂ ಕೇಳದೆ ಶೆಟ್ಟೆಪ್ಪ ಸಂಜೆಯೊಳಗೆ ಬೆಲ್ಲದ ನಾಲ್ಕೂ ಪೆಂಟಿ ತಂದು ಇಳಿಸಿಯೇ ಹೋದ. ಅಂದು ಪಾರ್ಕಿನಲ್ಲಿ ಬಂದವರಿಗೆಲ್ಲ ಬೆಲ್ಲ ಹಂಚಿ, ನೆಲವೆಲ್ಲ ಅಂಟಂಟಾಯಿತು.

ಸೋಮವಾರ ಪಾರ್ಕಿನ ವ್ಯಾನು ಮೂಡಲಗಿಯ ಓಣಿ ಹೊಕ್ಕಾಗ ಹಿಂದೆ ಮಕ್ಕಳ ಮೆರವಣಿಗೆ. ಹನಮವ್ವ ಬಾಗಿಲಲ್ಲಿ ನಿಂತು ಡುಬುಕ್‌ನ ಕಾಲಿಗೆ ನೀರು ಹಾಕಿ, ಆರತಿ ಎತ್ತಿ ಒಳಗೆ ಕರೆದಳು. ಕೊಟ್ಟಿಗೆಯಲ್ಲಿ ಕಟ್ಟಿದ್ದ ನಿಜವಾದ ಎಮ್ಮೆ ನೀಲಿ ನೆಂಟನನ್ನು ಮೇಲಿಂದ ಕೆಳಗೆ ನೋಡಿ, ಬಾಲದ ತುದಿಯ ಕುಚ್ಚು ಕಿತ್ತು ಮೆಲುಕು ಹಾಕತೊಡಗಿತು. ಅಂಗಳದಲ್ಲಿ ಮಕ್ಕಳು ದಣಿಯುವವರೆಗೆ ಆಡಿದ ಮೇಲೆ, ಡುಬುಕ್ ಮೇಯುವ ಹೊತ್ತಾಯಿತು ಎಂದು ಹನಮವ್ವ ಅದನ್ನು ಒಳಕೋಣೆಗೆ ಕರೆದೊಯ್ದು ಚಿಲಕ ಹಾಕಿದಳು. ಮೇಯುವಾಗ ದನವನ್ನು ನೋಡಿದರೆ ದೃಷ್ಟಿ ತಾಕುತ್ತದೆಂದು ಎಲ್ಲರನ್ನೂ ಹೊರಗಟ್ಟಿದಳು, ಶೆಟ್ಟೆಪ್ಪನನ್ನೂ.

“ತಲಿ ತಗಿ ತಂಗೀ, ಬುತ್ತಿ ಉಣ್ಣು” ಎಂದಳು.

ಸಪ್ನಾ ತಲೆ ತೆಗೆದಳು. ಹನಮವ್ವ ಸೆರಗಿನಿಂದ ಅವಳ ಮುಖ ಒರೆಸಿ, ರೊಟ್ಟಿ, ಎಣ್ಣೆಗಾಯಿ, ಮೊಸರು ಮುಂದಿಟ್ಟಳು. ಟಿವಿಯಲ್ಲಿ ಡುಬುಕ್ ಬರುತ್ತದೆ, ಹಾರುತ್ತದೆ, ಕುಂತು ಒಂದು ತುತ್ತು ಉಣ್ಣುವುದರೊಳಗೆ ಹೋಗಿಬಿಡುತ್ತದೆ. ಒಂದು ದಿನವಾದರೂ ಮನೆಗೆ ಬಂದು ಕುಂದರಲಿ ಎಂದು ಆಸೆಯಾಗಿತ್ತು, ಅಷ್ಟೇ ಎಂದಳು. ಅರಿವೆ ಎಮ್ಮೆ ಎಂದು ಗೊತ್ತಿರಲಿಲ್ಲವೇ ಎಂದು ಸಪ್ನಾ ಕೇಳಬೇಕೆಂದಿದ್ದಳು. ಕೇಳುವ ಬದಲು ಇನ್ನೊಂದು ರೊಟ್ಟಿ ಮುರಿದಳು.

“ಈಗರೆ ಮಾತಾಡು” ಎಂದಳು ಹನಮವ್ವ. “ಎಷ್ಟ್ ದಿನಾ ಅಂತ ಬಾಯಿ ಕಟಕೊಂಡಿರತಿ?”

ಸಪ್ನಾ ರೊಟ್ಟಿ ನುಂಗಿ, ಗಂಟಲು ಸರಿಮಾಡಿಕೊಂಡಳು. ಮೊದಲು ಆಬಾಸಾಹೇಬರು ಕೆಮ್ಮಿದರು. ಆಮೇಲೆ ಭೋಂಗಾ ಊದಿತು, ಬಸ್ಸು ಅರಭಾವಿಗೆ ಹೊರಟಿತು. ಮುದುಕಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಕೊನೆಗೆ ಶೆಟ್ಟೆಪ್ಪನೇ ಇಳಿದುಬಂದ: ಆ ಗೊಗ್ಗರು ಗಂಟಲು, ಮಾತಿಗೊಮ್ಮೆ ಮೂಗು ಸೇದುವುದು, ಎಮ್ಮೆಯ ಹಲ್ಲು ನೋಡಿ ಹೇವರಿಸುವುದು.

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ನಿಜವಾದ ಶೆಟ್ಟೆಪ್ಪ ಎದ್ದು ಬಾಗಿಲಿಗೆ ಬಂದ. ಒಳಗೆ ತಾನು ಮಾತಾಡುತ್ತಿರುವುದು ಕೇಳಿಸಿತು. ಬಾಯಿಯ ಮೇಲೆ ಕೈಯಿಟ್ಟು ನೋಡಿಕೊಂಡ, ಮುಚ್ಚಿಯೇ ಇತ್ತು. ಒಳಗಿನ ಶೆಟ್ಟೆಪ್ಪ, ಇಂಥ ಎಮ್ಮಿಗಿ ಎರಡು ಪೆಂಟಿಗಿಂತ ಒಂದು ಹಳಕು ಬೆಲ್ಲ ಹೆಚ್ಚು ಕೊಡುವುದಿಲ್ಲ ಎಂದು ಹಟ ಹಿಡಿದಿದ್ದ. ಹೊರಗಿನ ಶೆಟ್ಟೆಪ್ಪ ಬಾಗಿಲಿಗೆ ಕಿವಿ ಹಚ್ಚಿದ. ಆಮೇಲೆ ತಡೆಯಲಾಗದೆ, ಹೆಗಲಿನ ಟವೆಲ್ ತೆಗೆದು, ಬಾಗಿಲ ಸಂದಿಗೆ ಬಾಯಿಟ್ಟು ಹೇಳಿದ:

“ಮೂರಕ್ಕ ಮುಗಸ್ರಿ ಸಾಹುಕಾರ್ರ, ಮಾಲ್ ಚಲೋ ಐತಿ.”